ಐದು ಲಕ್ಷದ ವಿಮೆ ಇದ್ದರೆ ಬ್ಯಾಂಕಿಗೆ ಬಡ್ಡಿಯ ಭಯ ಹೋಗುತ್ತಾ?

ಚೌಕಿಪೇಟೆ_ಬಟ್ಟೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಚೌಕಿಪೇಟೆಯಲ್ಲಿ ನಮ್ಮದು ಜವಳಿ ಅಂಗಡಿ. ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಅಪ್ಪ ತಮ್ಮ ಪಾಲು ಬಿಟ್ಟುಕೊಟ್ಟಾಗ ಬಂದ ದುಡ್ಡಲ್ಲಿ 14 ಲಕ್ಷ ಎಫ್‌ಡಿ ಮಾಡಿದ್ದರು, ಅಷ್ಟೂ ಒಂದೇ ಬ್ಯಾಂಕಲ್ಲಿ. ಹೋದ ವಾರ ಅವಧಿ ಮುಗಿಯಿತು. ಅಲ್ಲಿ ಈಗ ಬಡ್ಡಿ ಇಳಿದಿದೆ. ಅಷ್ಟರಲ್ಲಿ ಬೇರೊಂದು ಸಣ್ಣ ಬ್ಯಾಂಕಿನ ಮ್ಯಾನೇಜರು ಅಂಗಡಿಗೇ ಬಂದು ಮುಕ್ಕಾಲು ಪರ್ಸೆಂಟ್ ಜಾಸ್ತಿ ಕೊಡ್ತೀವಿ ಅಂದರು. ಅಪ್ಪ ಹಿಂದೇಟು ಹಾಕಿದ್ದಕ್ಕೆ, "ಯಜಮಾನ್ರೇ, ಐದು ಲಕ್ಷದ ತನಕ ವಿಮೆ ಐತಿ. ನಿಮ್ ಹೆಸರಲ್ಲೊಂದು, ಅಮ್ಮಾರ ಹೆಸರಲ್ಲೊಂದು, ಮಗನ ಹೆಸರಲ್ಲೊಂದು ಮಾಡಿ ಇಡ್ರಿ. ನಾಳೆ ಬ್ಯಾಂಕ್ ಮುಳುಗಿದ್ರೂ ನಿಮ್ ದುಡ್ಡು ಮುಳುಗಲ್ಲ" ಅಂದರು.

ಅವರು ಹೋದ ಮೇಲೆ ಅಪ್ಪ ಗಲ್ಲಾ ಮುಂದೆ ಕೂತು ಕೇಳಿದ್ದು ಇದು: "ಮುಳುಗಿದ್ರೆ ನಮಗೂ ಚಿಂತಿ ಇಲ್ಲ, ಅವನಿಗೂ ಚಿಂತಿ ಇದ್ದಂಗೆ ಕಾಣಲಿಲ್ಲ. ಹಂಗಾದ್ರ ಚಿಂತಿ ಮಾಡೋರು ಯಾರಪಾ?"

ನನಗೆ ಉತ್ತರ ಹೊಳೆಯಲಿಲ್ಲ. ಇಲ್ಲಿ ಬ್ಯಾಂಕಲ್ಲಿ ದುಡಿದವರು ಇದ್ದೀರಿ, ಅದಕ್ಕೆ ಕೇಳ್ತಿದ್ದೇನೆ. ಠೇವಣಿಗೆ ವಿಮೆ ಇದೆ ಅನ್ನೋ ಧೈರ್ಯದಲ್ಲಿ ಬ್ಯಾಂಕುಗಳು ಬಡ್ಡಿ ವಿಷಯದಲ್ಲಿ ಜೂಜಾಡ್ತಾವಾ? ಬಡ್ಡಿ ಏರಿದರೆ ಬ್ಯಾಂಕಿಗೆ ಲಾಭ ಅಂತಲೇ ನಾನು ತಿಳಿದಿದ್ದೆ. 2023ರಲ್ಲಿ ಅಮೆರಿಕದಲ್ಲಿ ಬಡ್ಡಿ ಏರಿದ್ದಕ್ಕೇ ಬ್ಯಾಂಕ್ ಬಿತ್ತಂತಲ್ಲ, ಅದು ಹೇಗೆ?

ಶೇಂಗಾ_ಎಣ್ಣೆ

ಅಂಗಡಿಗೇ ಬಂದು ಡಿಪಾಜಿಟ್ ಕೇಳೋ ಮ್ಯಾನೇಜರಿಗೆ ಒಂದು ಬೆಣ್ಣೆ ದೋಸೆ ಕೊಡಿಸಿ ಕಳ್ಸಣ್ಣ. ಡಿಪಾಜಿಟ್ ಮಾತ್ರ ಕೊಡಬ್ಯಾಡ.

ನಿವೃತ್ತ_ಟ್ರೆಷರಿ

ನಿಮ್ಮ ತಂದೆಯವರ ಪ್ರಶ್ನೆ ನಮ್ಮ ಆಫೀಸಿನ ಎಷ್ಟೋ ಮೀಟಿಂಗ್‌ಗಳಲ್ಲಿ ಯಾರೂ ಕೇಳದೇ ಉಳಿದ ಪ್ರಶ್ನೆ. ನಾನು ಒಂದು ಸರ್ಕಾರಿ ಬ್ಯಾಂಕಿನಲ್ಲಿ ಕೊನೆಯ ಹನ್ನೊಂದು ವರ್ಷ ಬಾಂಡ್ ಖರೀದಿ ವಿಭಾಗದಲ್ಲಿದ್ದೆ, ಈಗ ವಿದ್ಯಾನಗರದಲ್ಲಿ ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಡೋ ಕೆಲಸ.

ಮೊದಲು ಬಡ್ಡಿ ಏರಿದರೆ ನಷ್ಟ ಹೇಗೆ ಅನ್ನೋದು. ನಿಮ್ಮದೊಂದು ಮಳಿಗೆ ಇದೆ ಅಂದುಕೊಳ್ಳಿ. ಅದನ್ನು ಹತ್ತು ವರ್ಷಕ್ಕೆ ಇಷ್ಟೇ ಬಾಡಿಗೆ ಅಂತ ಬರೆದುಕೊಟ್ಟಿದ್ದೀರಿ. ನೀವು ವಾಸ ಇರೋ ಮನೆಗೆ ಮಾತ್ರ ವರ್ಷ ವರ್ಷ ಹೊಸ ಬಾಡಿಗೆ ಕರಾರು. ಊರಲ್ಲಿ ಬಾಡಿಗೆ ಏರಿತು. ಒಳಗೆ ಬರೋದು ಅಷ್ಟೇ, ಹೊರಗೆ ಹೋಗೋದು ಜಾಸ್ತಿ. ಬ್ಯಾಂಕಿಗೆ ಮಳಿಗೆ ಅಂದರೆ ಹತ್ತು ವರ್ಷದ ಸರ್ಕಾರಿ ಬಾಂಡ್. ಮನೆ ಬಾಡಿಗೆ ಅಂದರೆ ನಿಮ್ಮಪ್ಪನ ಎಫ್‌ಡಿ.

ಲೆಕ್ಕದಲ್ಲಿ ಹೇಳ್ತೀನಿ. 2020ರ ಮಧ್ಯದಲ್ಲಿ ಹತ್ತು ವರ್ಷದ ಸರ್ಕಾರಿ ಬಾಂಡು ಹತ್ತಿರ ಹತ್ತಿರ 6 ಪರ್ಸೆಂಟ್ ಕೊಡ್ತಿತ್ತು. ಆರ್‌ಬಿಐ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡೋ ದರ, ಅಂದರೆ ರೆಪೋ, 4ರಲ್ಲಿತ್ತು. 2022ರ ಮಧ್ಯಕ್ಕೆ ಅಂಥದೇ ಹೊಸ ಬಾಂಡ್ ಪೇಟೆಯಲ್ಲಿ 7.5ರ ಆಸುಪಾಸು ಕೊಡ್ತಿತ್ತು. ಅವತ್ತು 100 ಕೋಟಿ ಕೊಟ್ಟು ಕೊಂಡ 6 ಪರ್ಸೆಂಟಿನ ಬಾಂಡನ್ನು, ಎಂಟು ವರ್ಷ ಬಾಕಿ ಇರುವಾಗ 7.5ರ ಲೆಕ್ಕದಲ್ಲಿ ಮಾರಲು ಹೋದರೆ ಸಿಗೋದು 91 ಕೋಟಿ ಚಿಲ್ಲರೆ. ಯಾರೂ ಸಾಲ ಮುಳುಗಿಸಿಲ್ಲ, ಸರ್ಕಾರ ಬಡ್ಡಿಯನ್ನು ಸರಿಯಾಗಿ ಕೊಡ್ತಾ ಇದೆ, ಆದರೂ 9 ಕೋಟಿ ಕಾಣೆ. ಬ್ಯಾಂಕಿನ ಸ್ವಂತ ದುಡ್ಡು ನೂರಕ್ಕೆ ಒಂಬತ್ತೋ ಹತ್ತೋ ಇರುತ್ತೆ ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಆದರೆ ಇದು ಪುಸ್ತಕದಲ್ಲಿ ಕಾಣಲ್ಲ. ಅವಧಿ ಮುಗಿಯೋವರೆಗೂ ಇಟ್ಟುಕೊಳ್ತೀವಿ ಅಂತ ಎಚ್‌ಟಿಎಂ ಖಾತೆಯಲ್ಲಿ ಬರೆದರೆ ಆಯ್ತು, ಕೊಂಡ ಬೆಲೆಯೇ ನಿಲ್ಲುತ್ತೆ. ಠೇವಣಿದಾರರು ಸುಮ್ಮನಿದ್ದರೆ ನಿಜವಾಗಿಯೂ ಅವಧಿವರೆಗೆ ಇಟ್ಟುಕೊಳ್ಳಬಹುದು. ಹಾಗಾದರೆ ಠೇವಣಿದಾರರು ಯಾಕೆ ಸುಮ್ಮನಿರ್ತಾರೆ? ಅಲ್ಲಿ ವಿಮೆ ಬರುತ್ತೆ.

ಚೌಕಿಪೇಟೆ_ಬಟ್ಟೆ

ಸರ್, ಮಳಿಗೆ ಲೆಕ್ಕ ಅಪ್ಪನಿಗೆ ತಕ್ಷಣ ತಿಳಿಯಿತು. "ನಮ್ಮ ಅಣ್ಣ 1994ರಲ್ಲಿ ಹಂಗೇ ಬರಕೊಟ್ಟು ಕೆಟ್ಟ" ಅಂದರು. ಈ ವಿಮೆ ಯಾರು ಕಟ್ಟೋದು, ನಮ್ಮ ಬಡ್ಡಿಯಲ್ಲಿ ಮುರಿದುಕೊಳ್ತಾರಾ?

ದುರ್ಗದ_ಮೇಷ್ಟ್ರು

ನೇರವಾಗಿ ಮುರಿಯುವ ಹಾಗಿಲ್ಲ. ಪ್ರೀಮಿಯಂ ಬ್ಯಾಂಕೇ ಕಟ್ಟಬೇಕು. ನಾನು ಚಿತ್ರದುರ್ಗದಲ್ಲಿ ಬಿ.ಕಾಂ. ಮಕ್ಕಳಿಗೆ ಪಾಠ ಹೇಳುವವನು, ಈ ಇತಿಹಾಸ ಹೇಳುವಾಗ ಮಾತ್ರ ಕೊನೆಯ ಬೆಂಚಿನವರೂ ತಲೆ ಎತ್ತುತ್ತಾರೆ.

1960ರಲ್ಲಿ ಲಕ್ಷ್ಮೀ ಬ್ಯಾಂಕ್ ಮತ್ತು ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮುಚ್ಚಿದವು. ಜನ ಬೇರೆ ಬ್ಯಾಂಕುಗಳ ಮುಂದೆಯೂ ಸಾಲುಗಟ್ಟಿ ನಿಂತರು. 1961ರಲ್ಲಿ ಕಾನೂನು ಬಂತು, 1962ರ ಜನವರಿ 1ರಿಂದ ಠೇವಣಿ ವಿಮೆ ಶುರುವಾಯಿತು. ಆಗ ಒಬ್ಬರಿಗೆ 1,500 ರೂಪಾಯಿ ಮಾತ್ರ. 1968ರಲ್ಲಿ 5,000 ಆಯಿತು. ಹೀಗೆ ಏರುತ್ತಾ 1993ರಲ್ಲಿ ಒಂದು ಲಕ್ಷಕ್ಕೆ ಬಂದು ನಿಂತದ್ದು 27 ವರ್ಷ ಅಲ್ಲಾಡಲಿಲ್ಲ. ಮುಂಬೈಯ ಪಿಎಂಸಿ ಸಹಕಾರಿ ಬ್ಯಾಂಕಿನಲ್ಲಿ ಠೇವಣಿದಾರರ ದುಡ್ಡು ಸಿಕ್ಕಿಬಿದ್ದು ಗಲಾಟೆಯಾದ ಮರುವರ್ಷ, 2020ರ ಫೆಬ್ರವರಿಯಲ್ಲಿ, ಐದು ಲಕ್ಷವಾಯಿತು. ಅದೇ ಏಪ್ರಿಲ್‌ನಿಂದ ಪ್ರೀಮಿಯಂ 10 ಪೈಸೆಯಿಂದ 12 ಪೈಸೆಗೆ ಏರಿತು, ನೂರು ರೂಪಾಯಿ ಠೇವಣಿಗೆ, ವರ್ಷಕ್ಕೆ.

ಈ 12 ಪೈಸೆಯಲ್ಲೇ ನಿಮ್ಮ ತಂದೆಯವರ ಪ್ರಶ್ನೆ ಕೂತಿದೆ. 2025-26ರವರೆಗೆ ಸಾವಿರ ಕೋಟಿ ಠೇವಣಿಯ ಬ್ಯಾಂಕ್ ವರ್ಷಕ್ಕೆ 1.2 ಕೋಟಿ ಕಟ್ಟಬೇಕಿತ್ತು. ಆ ಸಾವಿರ ಕೋಟಿಯನ್ನು ಮೂರು ತಿಂಗಳ ಟ್ರೆಷರಿ ಬಿಲ್ಲಿನಲ್ಲಿ ಇಟ್ಟರೂ ಅಷ್ಟೇ, ನಲವತ್ತು ವರ್ಷದ ಬಾಂಡಿನಲ್ಲಿ ಇಟ್ಟರೂ ಅಷ್ಟೇ. ಎತ್ತಿನ ಗಾಡಿಗೂ ರೇಸ್ ಬೈಕಿಗೂ ಒಂದೇ ಇನ್ಶೂರೆನ್ಸ್ ಕಂತು ಇಟ್ಟ ಹಾಗೆ. 1977ರಲ್ಲಿ ರಾಬರ್ಟ್ ಮರ್ಟನ್ ಎಂಬ ಅರ್ಥಶಾಸ್ತ್ರಜ್ಞ ಠೇವಣಿ ವಿಮೆಯನ್ನು ಷೇರುಪೇಟೆಯ ಪುಟ್ ಆಪ್ಷನ್ನಿನಂತೆ (ಬೆಲೆ ಬಿದ್ದರೂ ಮೊದಲೇ ಗೊತ್ತುಮಾಡಿದ ದರಕ್ಕೆ ಮಾರುವ ಹಕ್ಕು) ಲೆಕ್ಕ ಹಾಕಿ ತೋರಿಸಿದರು. ಬ್ಯಾಂಕಿನ ಆಸ್ತಿ ಎಷ್ಟು ತುಯ್ದಾಡುತ್ತದೋ ಆ ವಿಮೆಗೆ ಅಷ್ಟು ಬೆಲೆ. ಬೆಲೆ ಏರುತ್ತಿತ್ತು, ಕಂತು ಏರುತ್ತಿರಲಿಲ್ಲ. ಗೆದ್ದರೆ ಲಾಭ ಷೇರುದಾರರಿಗೆ. ಸೋತರೆ ಅವರು ಹಾಕಿದ ಬಂಡವಾಳದಷ್ಟು ಮಾತ್ರ ಅವರದು, ಮಿಕ್ಕ ನಷ್ಟ ವಿಮಾ ನಿಗಮದ್ದು.

ಶೇಂಗಾ_ಎಣ್ಣೆ

ಮೇಷ್ಟ್ರೆ, ಚಳ್ಳಕೆರೆ ಮಾರ್ಕೆಟ್‌ನಾಗೆ ಇದುಕ್ಕೆ ಬ್ಯಾರೆ ಹೆಸ್ರು ಐತೆ. ಶೇಂಗಾ ರೇಟ್ ಏರ್ಲಿ ಅಂತ ಇನ್ನೊಬ್ರ ದುಡ್ಡಲ್ಲಿ ಮೂಟೆ ಕೂಡಾಕೋದು. ಏರಿದ್ರೆ ನಂದು, ಇಳಿದ್ರೆ ಸಾಲ ಕೊಟ್ಟೋನ್ದು. ಹಂಗಾರೆ ವಿಮೆ ತೆಗೆದು ಬಿಸಾಕ್ರಿ. ಅವಾಗ ಜನ ನೋಡ್ಕಂಡು ದುಡ್ಡು ಇಡ್ತಾರೆ, ಬ್ಯಾಂಕ್ನೋರೂ ನೆಟ್ಟಗೆ ಇರ್ತಾರೆ.

ಹರಿಹರದಕ್ಕ

ಶೇಂಗಾ ಅಣ್ಣಾರೆ, ವಿಮೆ ಇಲ್ಲದಿದ್ರೆ ಹೇಗಿರುತ್ತೆ ಅಂತ ನಮ್ಮನೇಲಿ ನೋಡಿದೀವಿ. ನಮ್ಮತ್ತೆ ಒಂಬತ್ತು ವರ್ಷ ಪಿಗ್ಮಿ ಕಟ್ಟಿದ್ರು, ದಿನಾ ಐವತ್ತು, ನೂರು. ಬ್ಯಾಂಕ್ ಅಂದ್ಕೊಂಡೇ ಕಟ್ಟಿದ್ರು. ಬೋರ್ಡ್ ಮೇಲೆ "ಸರ್ಕಾರದಿಂದ ನೋಂದಾಯಿತ" ಅಂತ ದೊಡ್ಡದಾಗಿ ಬರ್ದಿತ್ತು. ಅದು ಬ್ಯಾಂಕ್ ಅಲ್ಲ, ಪತ್ತಿನ ಸಂಘ. ಬಾಗಿಲು ಹಾಕಿದ ಮೇಲೇನೇ ಗೊತ್ತಾಗಿದ್ದು ಅಂಥ ಸಂಘಗಳಿಗೆ ಈ ಐದು ಲಕ್ಷದ ವಿಮೆ ಇಲ್ಲ ಅಂತ. ಪಿಗ್ಮಿ ಹುಡುಗ ನಮ್ಮ ಬೀದಿಯೋನೇ, ಪಾಪ, ಅವನ ತಾಯಿ ದುಡ್ಡೂ ಹೋಯ್ತು.

ನೀವು ಹೇಳ್ತೀರಿ ಜನ ನೋಡ್ಕೊಂಡು ಇಡ್ತಾರೆ ಅಂತ. ನಮ್ಮತ್ತೆ ಏನು ನೋಡಬೇಕಿತ್ತು? ಬ್ಯಾಲೆನ್ಸ್ ಶೀಟಾ?

ಶೇಂಗಾ_ಎಣ್ಣೆ

ತಪ್ಪಾಯ್ತು ಅಕ್ಕಾ. ಬಾಯಿಗೆ ಬಂದಿದ್ದು ಆಡಿಬಿಟ್ಟೆ.

ಲೆಕ್ಕಪತ್ರ

ಹರಿಹರದಕ್ಕ ಹೇಳಿದ್ದನ್ನು ಎಲ್ಲರೂ ಗಮನಿಸಿ. ಆರ್‌ಬಿಐ ಪರವಾನಗಿ ಇರುವ ವಾಣಿಜ್ಯ ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಸಣ್ಣ ಹಣಕಾಸು ಬ್ಯಾಂಕ್, ಪಟ್ಟಣ ಸಹಕಾರಿ ಬ್ಯಾಂಕ್, ಡಿಸಿಸಿ ಬ್ಯಾಂಕ್ ಇವಕ್ಕೆಲ್ಲ ಡಿಐಸಿಜಿಸಿ (ಠೇವಣಿ ವಿಮಾ ನಿಗಮ) ವಿಮೆ ಇದೆ. ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಬ್ಯಾಂಕ್ ಪರವಾನಗಿ ಇಲ್ಲದ ಸೌಹಾರ್ದಕ್ಕೂ ಇಲ್ಲ. ಹೆಸರು ಎಷ್ಟೇ ಚಂದ ಇರಲಿ.

ನಾನು ಆಡಿಟ್ ಮಾಡುವವನು, ಸಣ್ಣ ಬ್ಯಾಂಕುಗಳ ಒಳಮನೆ ಸ್ವಲ್ಪ ಗೊತ್ತು. ಟ್ರೆಷರಿ ಸರ್ ಮಾತಿಗೆ ಒಂದು ತಿದ್ದುಪಡಿ. ನಮ್ಮ ದೇಶದಲ್ಲಿ ಸಹಕಾರಿ ಬ್ಯಾಂಕುಗಳು ಮುಳುಗಿದ್ದನ್ನು ನಾನು ಕಂಡದ್ದು ಕೊಟ್ಟ ಸಾಲ ವಾಪಸ್ ಬರದೆ, ಅಥವಾ ನಿರ್ದೇಶಕರ ಬಳಗವೇ ಸಾಲ ಎತ್ತಿಕೊಂಡು. ಬಡ್ಡಿ ಏರಿದ್ದಕ್ಕೇ ಮುಳುಗಿದ್ದನ್ನು ಕಂಡಿಲ್ಲ. ಆದರೆ ಬಡ್ಡಿ ಅಪಾಯವನ್ನು ಅಳೆಯುವ ಕಾಗದ ಹೇಗೆ ತಯಾರಾಗುತ್ತದೆ ಅಂತ ಮಾತ್ರ ಚೆನ್ನಾಗಿ ಕಂಡಿದ್ದೇನೆ. ಯಾವ ಠೇವಣಿ ಯಾವಾಗ ವಾಪಸ್ ಹೋಗುತ್ತೆ, ಯಾವ ಸಾಲದ ಬಡ್ಡಿ ಯಾವಾಗ ಬದಲಾಗುತ್ತೆ ಅಂತ ಅವಧಿವಾರು ಬಕೆಟ್ಟುಗಳಲ್ಲಿ ತುಂಬಬೇಕು. ಒಂದು ಕಡೆ (ಊರು ಬೇಡ) ಆ ಸ್ಟೇಟ್‌ಮೆಂಟನ್ನು ಮೂರು ಕ್ವಾರ್ಟರ್ ಒಂದೇ ಅಂಕಿಯಲ್ಲಿ ಕಳಿಸಿದ್ದರು, ಮೇಲಿನ ದಿನಾಂಕ ಮಾತ್ರ ಹೊಸದು. ಕೇಳಿದರೆ, "ಡಿಪಾಸಿಟರ್ಸ್ ಎಲ್ಲಾ ಐದು ಲಕ್ಷದ ಒಳಗಿನೋರು ಸರ್, ಎಲ್ಲೂ ಹೋಗಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ದೇಶದಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಖಾತೆಗಳು ಪೂರ್ತಿ ವಿಮೆಯೊಳಗಿವೆ. ಮೊತ್ತದ ಲೆಕ್ಕದಲ್ಲಿ ಮಾತ್ರ ಅರ್ಧಕ್ಕಿಂತ ಕಡಿಮೆ. ಅಂದರೆ ಬಹುಪಾಲು ಜನರಿಗೆ ಕೇಳುವ ಅಗತ್ಯವಿಲ್ಲ, ಬಹುಪಾಲು ದುಡ್ಡಿಗೆ ಇದೆ.

ನಿವೃತ್ತ_ಟ್ರೆಷರಿ

"ಎಲ್ಲೂ ಹೋಗಲ್ಲ." ಈ ಎರಡು ಪದದ ಮೇಲೆಯೇ ಇಡೀ ಬ್ಯಾಂಕಿಂಗ್ ನಿಂತಿದೆ. ಆದರೆ ಇದರಲ್ಲಿ ಒಳ್ಳೆಯದೂ ಇದೆ. ಬರೀ ಜೂಜು ಅಂತ ಹೇಳಿದರೆ ಅರ್ಧ ಸತ್ಯ.

ಎಸ್‌ಬಿ ಖಾತೆ ನೋಡಿ. 2022ರ ಮೇನಿಂದ 2023ರ ಫೆಬ್ರವರಿವರೆಗೆ ರೆಪೋ 4ರಿಂದ 6.5ಕ್ಕೆ ಏರಿತು. ದೊಡ್ಡ ಬ್ಯಾಂಕುಗಳ ಎಸ್‌ಬಿ ಬಡ್ಡಿ ಏರಿತಾ? 3ರ ಆಸುಪಾಸಲ್ಲೇ ಇತ್ತು. ಕಾಗದದ ಪ್ರಕಾರ ಎಸ್‌ಬಿ ದುಡ್ಡು ಇವತ್ತು ಕೇಳಿದರೆ ಇವತ್ತೇ ಕೊಡಬೇಕು. ನಡವಳಿಕೆಯಲ್ಲಿ ಅದು ಹತ್ತು ವರ್ಷದ ಸ್ಥಿರ ಬಡ್ಡಿಯ ಠೇವಣಿ ಇದ್ದಂತೆ. ಅದರ ಎದುರು ಹತ್ತು ವರ್ಷದ ಬಾಂಡ್ ಕೊಂಡರೆ ಎರಡೂ ಕಡೆ ಸಮ. ಬಡ್ಡಿ ಏರಿದಾಗ ಬಾಂಡಲ್ಲಿ ಕಳೆದದ್ದು ಅಗ್ಗದ ಠೇವಣಿಯಲ್ಲಿ ವಾಪಸ್ ಬರುತ್ತೆ. ಠೇವಣಿದಾರ ನಿದ್ದೆ ಮಾಡ್ತಾ ಇರಬೇಕು, ಅಷ್ಟೇ. ವಿಮೆ ಆ ನಿದ್ದೆಗೆ ಜೋಗುಳ. ಹಾಗಾಗಿ ವಿಮೆ ಒಂದು ಕೈಯಲ್ಲಿ ಬಡ್ಡಿ ಅಪಾಯವನ್ನು ಕಡಿಮೆ ಮಾಡುತ್ತೆ, ಇನ್ನೊಂದು ಕೈಯಲ್ಲಿ ಇನ್ನಷ್ಟು ಉದ್ದದ ಬಾಂಡ್ ಕೊಳ್ಳೋ ಧೈರ್ಯ ಕೊಡುತ್ತೆ. ಯಾವುದು ಜಾಸ್ತಿ ಅನ್ನೋದು ಬ್ಯಾಂಕಿಂದ ಬ್ಯಾಂಕಿಗೆ ಬೇರೆ.

ದುರ್ಗದ_ಮೇಷ್ಟ್ರು

ಒಪ್ಪಿದೆ ಸರ್, ಒಂದು ಷರತ್ತಿನ ಮೇಲೆ. ನಿದ್ದೆ ಮಾಡುವವನು ವಿಮೆಯೊಳಗಿನವನೇ ಆಗಿರಬೇಕು. ಚೌಕಿಪೇಟೆಯವರು ಕೇಳಿದ ಅಮೆರಿಕದ ಬ್ಯಾಂಕು ಸಿಲಿಕಾನ್ ವ್ಯಾಲಿ ಬ್ಯಾಂಕ್. ಅಲ್ಲಿ ವಿಮೆ ಎರಡೂವರೆ ಲಕ್ಷ ಡಾಲರ್‌ವರೆಗೆ. ಅದರ ಠೇವಣಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ಆ ಮಿತಿಯ ಹೊರಗಿತ್ತು, ಹೆಚ್ಚಾಗಿ ಹೊಸ ಕಂಪನಿಗಳ ದುಡ್ಡು. ಬಡ್ಡಿ ಸೊನ್ನೆಯ ಹತ್ತಿರ ಇದ್ದಾಗ ಬ್ಯಾಂಕ್ ಅದನ್ನೆಲ್ಲ ದೀರ್ಘ ಬಾಂಡುಗಳಲ್ಲಿ ಹಾಕಿತು. 2022ರ ಮಾರ್ಚಿನಿಂದ ಒಂದೇ ವರ್ಷದಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ದರವನ್ನು ನಾಲ್ಕೂವರೆ ದಾಟಿಸಿತು. 2022ರ ಕೊನೆಗೆ ಎಚ್‌ಟಿಎಂ ಖಾತೆಯಲ್ಲಿ ಅಡಗಿದ್ದ ನಷ್ಟ ಸುಮಾರು 15 ಬಿಲಿಯನ್ ಡಾಲರ್, ಬ್ಯಾಂಕಿನ ಸ್ವಂತ ಬಂಡವಾಳ ಸುಮಾರು 16. 2023ರ ಮಾರ್ಚ್ 8ರಂದು ಬೇರೆ ಖಾತೆಯ ಬಾಂಡುಗಳನ್ನು ಮಾರಿ 1.8 ಬಿಲಿಯನ್ ನಷ್ಟ ಆಯಿತೆಂದು ಹೇಳಿಕೊಂಡರು. 9ರಂದು ಒಂದೇ ದಿನ 42 ಬಿಲಿಯನ್ ವಾಪಸ್ ಕೇಳಿದರು. 10ಕ್ಕೆ ಬ್ಯಾಂಕ್ ಇರಲಿಲ್ಲ. ಸಾಲಾಗಿ ನಿಲ್ಲುವ ಕಾಲ ಹೋಯಿತು, ಎಲ್ಲಾ ಫೋನಿನಲ್ಲೇ.

ಇದು ಸಿಡಿಲು. ಇನ್ನೊಂದು ಬಗೆ ಇದೆ, ಗೆದ್ದಲು. 1980ರ ದಶಕದಲ್ಲಿ ಅಮೆರಿಕದ ಉಳಿತಾಯ-ಗೃಹಸಾಲ ಸಂಸ್ಥೆಗಳಿಗೆ ಬಂದದ್ದು ಅದು. ಮೂವತ್ತು ವರ್ಷಕ್ಕೆ ಸ್ಥಿರ ಬಡ್ಡಿಯ ಮನೆಸಾಲ ಕೊಟ್ಟು ಕೂತಿದ್ದರು. ಅಲ್ಲಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಹಣದುಬ್ಬರ ಇಳಿಸಲು ಅಲ್ಪಾವಧಿ ಬಡ್ಡಿಯನ್ನು 20ರ ಹತ್ತಿರಕ್ಕೆ ಏರಲು ಬಿಟ್ಟರು. ಪೇಟೆ ಬೆಲೆಯಲ್ಲಿ ಲೆಕ್ಕ ಹಾಕಿದರೆ ಆ ಸಂಸ್ಥೆಗಳಲ್ಲಿ ಬಹುಪಾಲು ಆಗಲೇ ಸತ್ತಿದ್ದವು. ಆದರೆ ಯಾರೂ ದುಡ್ಡು ತೆಗೆಯಲಿಲ್ಲ, ಯಾಕೆಂದರೆ ವಿಮೆ ಇತ್ತು. 1980ರಲ್ಲಿ ವಿಮೆ ಮಿತಿ 40,000ದಿಂದ ಒಂದು ಲಕ್ಷ ಡಾಲರಿಗೆ ಏರಿತ್ತು ಬೇರೆ. ಸತ್ತ ಸಂಸ್ಥೆಗಳು ಹೆಚ್ಚು ಬಡ್ಡಿ ತೋರಿಸಿದವು. ದಲ್ಲಾಳಿಗಳು ದೊಡ್ಡ ಮೊತ್ತವನ್ನು ಲಕ್ಷ ಲಕ್ಷದ ತುಂಡು ಮಾಡಿ ಅಲ್ಲಿಗೆ ಕಳಿಸಿದರು. ಆ ದುಡ್ಡಲ್ಲಿ ಇನ್ನೂ ದೊಡ್ಡ ಜೂಜು ನಡೆಯಿತು. ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಮುಚ್ಚಿದವು, ವಿಮೆ ಕೊಡುತ್ತಿದ್ದ ನಿಗಮವೇ ದಿವಾಳಿಯಾಗಿ 1989ರಲ್ಲಿ ರದ್ದಾಯಿತು, ಬಿಲ್ಲು ತೆರಿಗೆದಾರರಿಗೆ ಬಂತು.

ಚೌಕಿಪೇಟೆಯವರೇ, ನಿಮ್ಮ ಅಂಗಡಿಗೆ ಬಂದ ಮ್ಯಾನೇಜರು "ತುಂಡು ಮಾಡಿ ಇಡ್ರಿ" ಅಂದದ್ದನ್ನು ಈಗ ಇನ್ನೊಮ್ಮೆ ಓದಿ.

ಚೌಕಿಪೇಟೆ_ಬಟ್ಟೆ

ಓದಿದೆ. ಮೈ ಜುಂ ಅಂತು. ಆದರೆ ಆ ಬ್ಯಾಂಕ್ ಸತ್ತಿದೆ ಅಂತ ನಾನು ಹೇಳ್ತಿಲ್ಲ, ಪಾಪ.

ಲೆಕ್ಕಪತ್ರ

ಸರಿ, ಹೆಚ್ಚು ಬಡ್ಡಿ ಕೊಟ್ಟ ಮಾತ್ರಕ್ಕೆ ಕೆಟ್ಟ ಬ್ಯಾಂಕ್ ಅಲ್ಲ. ಸಣ್ಣ ಬ್ಯಾಂಕಿಗೆ ಜನರನ್ನು ಸೆಳೆಯಲು ಬೇರೆ ದಾರಿ ಇಲ್ಲ.

ಇಲ್ಲಿಗೂ ಅಮೆರಿಕಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಮನೆಸಾಲ ಬಹುಪಾಲು ಏರಿಳಿಯುವ ಬಡ್ಡಿಯದು. 2019ರ ಅಕ್ಟೋಬರ್‌ನಿಂದ ವಾಣಿಜ್ಯ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಮನೆಸಾಲಗಳು ರೆಪೋದಂಥ ಹೊರಗಿನ ದರಕ್ಕೆ ಕಟ್ಟಿಕೊಂಡಿವೆ. ಬಡ್ಡಿ ಏರಿದರೆ ಭಾರ ಸಾಲಗಾರನ ಮೇಲೆ ಹೋಗುತ್ತೆ, ಇಎಂಐ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾಂಕಿಗೆ ಕಷ್ಟ ಬರೋದು ಬಡ್ಡಿ ಇಳಿದಾಗ. 2025ರಲ್ಲಿ ರೆಪೋ 6.5ರಿಂದ ವರ್ಷದ ಕೊನೆಗೆ 5.25ಕ್ಕೆ ಬಂತು. ಸಾಲದ ಬಡ್ಡಿ ಬೇಗ ಇಳಿಯಿತು. ಹಿಂದಿನ ವರ್ಷ ಏಳೂಕಾಲು, ಏಳೂವರೆಗೆ ಬರೆದುಕೊಟ್ಟ ಎಫ್‌ಡಿ ಮಾತ್ರ ಅವಧಿವರೆಗೆ ಹಾಗೇ ಕೂತಿದೆ. ಮಳಿಗೆ ಬಾಡಿಗೆ ಇಳಿದು, ಇರೋ ಮನೆಯ ಬಾಡಿಗೆ ಹಳೇದೇ ಆದ ಹಾಗೆ.

ನಿವೃತ್ತ_ಟ್ರೆಷರಿ

ಹೌದು, ಆದರೆ ಬಾಂಡ್ ಕಡೆ ಅಪಾಯ ಹೋಗಿಲ್ಲ. ಎಸ್‌ಎಲ್‌ಆರ್, ಅಂದರೆ ಠೇವಣಿಯಲ್ಲಿ ಸರ್ಕಾರಿ ಬಾಂಡಿನಂಥದ್ದರಲ್ಲಿ ಇಡಲೇಬೇಕಾದ ಪಾಲು, 18 ಪರ್ಸೆಂಟ್ ಕಡ್ಡಾಯ. ಸಾಲ ಕೇಳೋರು ಕಡಿಮೆ ಇದ್ದ ವರ್ಷಗಳಲ್ಲಿ ನಾವು ಅದಕ್ಕಿಂತ ಎಷ್ಟೋ ಮೇಲೆ ಕೊಂಡುಕೂತಿದ್ದೆವು. 2017-18ರಲ್ಲಿ ಬಾಂಡ್ ಬಡ್ಡಿ ಸರ್ರನೆ ಏರಿದಾಗ ಆದ ನಷ್ಟವನ್ನು ನಾಲ್ಕು ಕ್ವಾರ್ಟರಿಗೆ ಹಂಚಿ ತೋರಿಸಲು ಆರ್‌ಬಿಐ ಅನುಮತಿ ಕೊಟ್ಟಿತು. ಅದಕ್ಕೆ ಮೊದಲು, 2018ರ ಜನವರಿಯಲ್ಲಿ, ಆಗಿನ ಡೆಪ್ಯುಟಿ ಗವರ್ನರ್ ವಿರಲ್ ಆಚಾರ್ಯ ಈ ವಿಷಯವನ್ನೇ ಹಿಡಿದು ಭಾಷಣ ಮಾಡಿದ್ದರು, ಬಡ್ಡಿ ಇಳಿದಾಗ ಲಾಭ ನಿಮ್ಮದು, ಏರಿದಾಗ ನಮ್ಮ ಬಾಗಿಲಿಗೆ ಬರ್ತೀರಿ ಅನ್ನೋ ಅರ್ಥದಲ್ಲಿ. ನಮ್ಮ ಡೀಲಿಂಗ್ ರೂಮಲ್ಲಿ ಅದನ್ನು ಓದಿ ಒಬ್ಬರೂ ನಗಲಿಲ್ಲ. ಕೆಣಕಿದ್ದು ಸರಿಯಾದ ಹುಣ್ಣನ್ನೇ.

ಹರಿಹರದಕ್ಕ

ಇಷ್ಟೆಲ್ಲಾ ಗೊತ್ತಿದ್ದೂ ಎಲ್ಲಾ ಬ್ಯಾಂಕಿಗೂ ಒಂದೇ 12 ಪೈಸೆ ಯಾಕಿತ್ತು ಸರ್? ಸರಿ ಇರೋರಿಗೆ ಕಡಿಮೆ, ಜೂಜಾಡೋರಿಗೆ ಜಾಸ್ತಿ ಮಾಡಬಹುದಿತ್ತಲ್ಲ.

ದುರ್ಗದ_ಮೇಷ್ಟ್ರು

ಅಮೆರಿಕದವರು ಗೆದ್ದಲಿನ ಪಾಠ ಕಲಿತು 1993ರಲ್ಲೇ ಮಾಡಿದರು ಅಕ್ಕಾ. ನಮ್ಮಲ್ಲಿ 2025ರ ಅಕ್ಟೋಬರ್‌ನಲ್ಲಿ ಆರ್‌ಬಿಐ ಘೋಷಿಸಿತು, 2026-27ರ ಹಣಕಾಸು ವರ್ಷದಿಂದ ಬ್ಯಾಂಕಿನ ಗಟ್ಟಿತನ ನೋಡಿ ಪ್ರೀಮಿಯಂ ಅಂತ. ಚೆನ್ನಾಗಿರುವ ಬ್ಯಾಂಕಿಗೆ ಕಂತು ಇಳಿಯುತ್ತದೆ.

ಲೆಕ್ಕಪತ್ರ

ಒಳ್ಳೆಯದೇ, ಆದರೆ ಇದರಿಂದ ಬಹಳ ನಿರೀಕ್ಷೆ ನನಗಿಲ್ಲ. ಕೆಲವೇ ಪೈಸೆಯ ವ್ಯತ್ಯಾಸಕ್ಕೆ ಯಾವ ಚೇರ್ಮನ್ನೂ ಹತ್ತು ವರ್ಷದ ಬಾಂಡ್ ಬಿಟ್ಟು ಎರಡು ವರ್ಷದ್ದು ಕೊಳ್ಳಲ್ಲ. ಒಂದೂವರೆ ಪರ್ಸೆಂಟ್ ಹೆಚ್ಚಿನ ಬಡ್ಡಿ ಕಣ್ಣ ಮುಂದೆ ಇರುವಾಗ ಮೂರು ಪೈಸೆಯ ರಿಯಾಯಿತಿ ಯಾವ ಲೆಕ್ಕ? ಕಟ್ಟಿಹಾಕೋದು ಏನಿದ್ದರೂ ಷೇರುದಾರರ ಸ್ವಂತ ಬಂಡವಾಳ ಮತ್ತು ಬಾಗಿಲಿಗೆ ಬಂದು ಪುಸ್ತಕ ಬಿಚ್ಚುವ ಇನ್‌ಸ್ಪೆಕ್ಷನ್. ಆ ಮೂರು ಕ್ವಾರ್ಟರಿನ ಒಂದೇ ಅಂಕಿ ಸಿಕ್ಕಿದ್ದೂ ಪ್ರೀಮಿಯಂ ಲೆಕ್ಕದಲ್ಲಿ ಅಲ್ಲ, ಒಬ್ಬರು ಕೂತು ಹಳೇ ಫೈಲ್ ತೆಗೆದದ್ದರಿಂದ.

ದುರ್ಗದ_ಮೇಷ್ಟ್ರು

ನೀವು ಹೇಳುವಷ್ಟು ನಿಷ್ಪ್ರಯೋಜಕ ಅಂತ ನಾನು ಒಪ್ಪಲಾರೆ. ರೇಟಿಂಗ್ ಒಂದು ಇದ್ದರೆ ನಿರ್ದೇಶಕರ ಸಭೆಯಲ್ಲಿ ಕೇಳುವುದಕ್ಕೆ ಒಬ್ಬರಿಗಾದರೂ ನೆಪ ಸಿಗುತ್ತದೆ.

ಶೇಂಗಾ_ಎಣ್ಣೆ

ಅಣ್ಣಾ, ನೀವಿಬ್ರೂ ಆಮೇಲೆ ಕುಸ್ತಿ ಆಡ್ರಿ. ಯಜಮಾನ್ರ 14 ಲಕ್ಷ ಏನಾತು?

ನಿವೃತ್ತ_ಟ್ರೆಷರಿ

ಚೌಕಿಪೇಟೆಯವರಿಗೆ ನಾಲ್ಕು ಮಾತು. ಐದು ಲಕ್ಷ ಅಂದರೆ ಅಸಲು ಬಡ್ಡಿ ಸೇರಿ, ಹಾಗಾಗಿ ಪೂರ್ತಿ ಐದು ಇಟ್ಟರೆ ಬಡ್ಡಿ ಹೊರಗುಳಿಯುತ್ತೆ. ಒಂದೇ ಬ್ಯಾಂಕಿನ ಪಿ.ಜೆ. ಬಡಾವಣೆ ಶಾಖೆ, ಹರಿಹರ ಶಾಖೆ ಅಂತ ಹಂಚಿದರೆ ಪ್ರಯೋಜನ ಇಲ್ಲ, ಎಲ್ಲಾ ಕೂಡಿಸಿಯೇ ಲೆಕ್ಕ. ಆ ಬ್ಯಾಂಕಲ್ಲೇ ಅಂಗಡಿಯ ಓಡಿ (ಓವರ್‌ಡ್ರಾಫ್ಟ್) ಸಾಲ ಇದ್ದರೆ ಹುಷಾರು, ಠೇವಣಿ ಇಟ್ಟವರ ಹೆಸರಿನ ಸಾಲವನ್ನು ಮುರಿದುಕೊಂಡೇ ಕೊಡೋದು. 2021ರ ತಿದ್ದುಪಡಿಯ ನಂತರ ಆರ್‌ಬಿಐ ನಿರ್ಬಂಧ ಹಾಕಿದ ಬ್ಯಾಂಕಿನ ಠೇವಣಿದಾರರಿಗೆ 90 ದಿನದೊಳಗೆ ವಿಮೆ ದುಡ್ಡು ಸಿಗಬೇಕು. ಮೊದಲು ವರ್ಷಗಟ್ಟಲೆ ಕಾಯ್ತಿದ್ದರು. ಆದರೆ ಆ ಮೂರು ತಿಂಗಳಲ್ಲಿ ಆಸ್ಪತ್ರೆ ಖರ್ಚು ಬಂದರೆ ಏನು ಅಂತ ನಿಮ್ಮ ತಂದೆಯವರ ವಯಸ್ಸಿಗೆ ಯೋಚಿಸಬೇಕು.

ಚೌಕಿಪೇಟೆ_ಬಟ್ಟೆ

ನಿನ್ನೆ ಅಪ್ಪನ ಜೊತೆ ಆ ಸಣ್ಣ ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರು ಕಾಫಿ ತರಿಸಿದರು. ಅಪ್ಪ ಕೇಳಿದರು: "ನನ್ ದುಡ್ಡು ವರ್ಷಕ್ಕ ತಗೊಂತೀರಿ. ಅದನ್ನ ನೀವು ಎಷ್ಟು ವರ್ಷಕ್ಕ ಯಾರಿಗೆ ಬರಕೊಡ್ತೀರಿ?" ಅವರು ಒಂದು ಕ್ಷಣ ಸುಮ್ಮನಾಗಿ, ಹೆಡ್ ಆಫೀಸಿಗೆ ಫೋನ್ ಮಾಡಿದರು. ಅಲ್ಲಿಯವರೂ ಯಾರಿಗೋ ಕೊಟ್ಟರು, ಅವರು ಇನ್ಯಾರಿಗೋ. ಕೊನೆಗೆ ಒಬ್ಬ ಹೆಣ್ಣುಮಗಳು ಲೈನಿಗೆ ಬಂದು, ಬಾಂಡುಗಳಲ್ಲಿ ಎಷ್ಟಿದೆ, ಅದರಲ್ಲಿ ಐದು ವರ್ಷದ ಒಳಗಿನದು ಎಷ್ಟು, ಸಾಲದಲ್ಲಿ ಬಂಗಾರದ ಸಾಲ ಎಷ್ಟು ಅಂತ ತಡವರಿಸದೆ ಹೇಳಿದರು. ಅಪ್ಪನಿಗೆ ಅರ್ಧ ತಿಳಿಯಿತು, ನನಗೆ ಮುಕ್ಕಾಲು.

ಅಪ್ಪ ಅಲ್ಲಿ ತಮ್ಮ ಹೆಸರಲ್ಲಿ ನಾಲ್ಕೂವರೆ ಲಕ್ಷ ಇಟ್ಟರು. ಅಮ್ಮನ ಹೆಸರಿನದು ಹಳೇ ಬ್ಯಾಂಕಲ್ಲೇ. ಮಿಕ್ಕಿದ್ದಕ್ಕೆ ಇನ್ನೂ ಮನೆಯಲ್ಲಿ ಜಗಳ ನಡೀತಿದೆ, ತಂಗಿ ಬಂಗಾರ ಅಂತಾಳೆ.

ಶೇಂಗಾ_ಎಣ್ಣೆ

ಆ ಫೋನಲ್ಲಿ ಮಾತಾಡಿದ ಹೆಣ್ಣುಮಗಳು ಯಾವಾಗ ರಿಟೈರ್ ಆಗ್ತಾರೆ ಅಂತ ಕೇಳಿದ್ರಾ?